ಮೊದಲ ಮೂರು ದಿನದ ಹಾಲು

ಪತ್ರಿಕೆಯ ಕೆಲಸಕ್ಕೆ ಸೇರುವ ಮುಂಚೆ, ತೊಂಬತ್ತರ ದಶಕದ ಕೊನೆಯಲ್ಲಿ, ನಾನು ಕೆಲವು ತಿಂಗಳು ಒಂದು ಸಮೀಕ್ಷೆಯಲ್ಲಿ ದುಡಿದೆ. ದೇಶದಾದ್ಯಂತ ಆಯ್ದ ಮನೆಗಳಿಗೆ ಹೋಗಿ, ಮದುವೆಯಾದ ಹೆಂಗಸರನ್ನು ಕೂರಿಸಿಕೊಂಡು, ಎಷ್ಟು ಹೆರಿಗೆ, ಎಷ್ಟು ಮಕ್ಕಳು ಉಳಿದವು, ಯಾವ ಆಸ್ಪತ್ರೆ, ಯಾವ ಚುಚ್ಚುಮದ್ದು, ಒಲೆಗೆ ಏನು ಉರಿಸುತ್ತೀರಿ ಎಂದೆಲ್ಲ ಕೇಳಿ ಬರೆದುಕೊಳ್ಳುವ ಸಮೀಕ್ಷೆ. ನಮ್ಮ ತಂಡದ ಪಾಲಿಗೆ ಬಂದದ್ದು ಬನಶಂಕರಿ, ಕತ್ರಿಗುಪ್ಪೆ, ಕುಮಾರಸ್ವಾಮಿ ಲೇಔಟ್ ಕಡೆಯ ಬೀದಿಗಳು. ನಾಲ್ವರು ಹುಡುಗಿಯರು ಮನೆಗಳಿಗೆ ಹೋಗಿ ಪ್ರಶ್ನೆ ಕೇಳುತ್ತಿದ್ದರು. ಅವರು ತಂದ ಫಾರ್ಮುಗಳನ್ನು ಅದೇ ದಿನ ಓದಿ, ತಪ್ಪು ಹುಡುಕಿ, ಬೇಕಾದರೆ ಮತ್ತೆ ಅದೇ ಮನೆಗೆ ಅಟ್ಟುವುದು ನನ್ನ ಕೆಲಸ. ಫೀಲ್ಡ್ ಎಡಿಟರ್ ಎಂದು ಅದಕ್ಕೆ ಹೆಸರು. ನನಗೆ ಆಗ ಇಪ್ಪತ್ತಾರು ವರ್ಷ. ಕೈಯಲ್ಲಿ ಕೆಂಪು ಪೆನ್ನು ಇದ್ದದ್ದಕ್ಕೆ ನನ್ನನ್ನು ಎಲ್ಲರೂ ‘ಮೇಡಂ’ ಎನ್ನುತ್ತಿದ್ದರು.

ಕೆಲಸಕ್ಕೆ ಮೊದಲು ಜಯನಗರದ ಒಂದು ಸಭಾಂಗಣದಲ್ಲಿ ತರಬೇತಿ ನಡೆಯಿತು. ಪ್ರಶ್ನೆಯನ್ನು ಅಚ್ಚಾಗಿದ್ದ ಹಾಗೆಯೇ ಓದಬೇಕು. ಉತ್ತರ ಕೇಳಿ ಮುಖದಲ್ಲಿ ಮೆಚ್ಚುಗೆಯೂ ಕಾಣಬಾರದು, ಆಶ್ಚರ್ಯವೂ ಕಾಣಬಾರದು. ಬುದ್ಧಿ ಹೇಳಬಾರದು. ಆ ಮನೆಯವರು ಏನಾದರೂ ಸಲಹೆ ಕೇಳಿದರೆ ಪ್ರಶ್ನೆಗಳೆಲ್ಲ ಮುಗಿದ ಮೇಲಷ್ಟೇ ಉತ್ತರ. ಇದಕ್ಕೆ ಕಾರಣವೂ ಇತ್ತು. ನಡುವೆ ಬುದ್ಧಿ ಹೇಳಿದರೆ, ಮುಂದಿನ ಉತ್ತರಗಳನ್ನು ಹೆಂಗಸು ನಮಗೆ ಹಿತವಾಗುವಂತೆ ತಿದ್ದಿ ಹೇಳುತ್ತಾಳೆ. ಒಬ್ಬರನ್ನೊಬ್ಬರು ಪ್ರಶ್ನೆ ಕೇಳಿಕೊಂಡು ಅಭ್ಯಾಸ ಮಾಡುವಾಗ ನಮಗೆ ಅತಿ ಕಷ್ಟವಾದದ್ದು ‘ಅಯ್ಯೋ’ ಎನ್ನದೆ ಇರುವುದು. ನಮ್ಮ ಕಡೆಯ ಹೆಂಗಸರು ಅಯ್ಯೋ ಇಲ್ಲದೆ ಎರಡು ಮಾತಾಡುವುದಿಲ್ಲ. ನಾನು ಮಾತ್ರ ಮೊದಲ ದಿನವೇ ಕಲಿತೆ. ತರಬೇತಿ ಕೊಟ್ಟವರು ನನ್ನನ್ನು ಎಡಿಟರ್ ಮಾಡಿದ್ದು ಅದಕ್ಕೇ ಇರಬೇಕು.

ಫಾರ್ಮಿನಲ್ಲಿ ಒಂದು ಗೆರೆ ಇತ್ತು. ಕಣ್ಣಿಗೆ ಕಾಣುವ ಗೆರೆಯಲ್ಲ, ತಾರೀಖಿನ ಗೆರೆ. ಸುಮಾರು ಮೂರು ವರ್ಷ ಹಿಂದಿನ ಒಂದು ಜನವರಿಯಿಂದ ಈಚೆಗೆ ಹುಟ್ಟಿದ ಪ್ರತಿ ಮಗುವಿಗೂ ಉದ್ದನೆಯ ಪ್ರಶ್ನೆಗಳಿದ್ದವು: ಬಸುರಿನಲ್ಲಿ ಯಾರು ನೋಡಿದರು, ಹೆರಿಗೆ ಎಲ್ಲಾಯಿತು, ಮಗುವಿನ ತೂಕವೆಷ್ಟು, ಎಷ್ಟು ಹೊತ್ತಿಗೆ ಹಾಲು ಕೊಟ್ಟಿರಿ. ಮಗು ಬದುಕಿದ್ದರೂ ಸತ್ತಿದ್ದರೂ ಕೇಳಬೇಕು. ಆ ಜನವರಿಗಿಂತ ಹಿಂದೆ ಹುಟ್ಟಿದ್ದರೆ ಈ ಪುಟಗಳೆಲ್ಲ ಖಾಲಿ ಬಿಡಬಹುದು. ಬಿಸಿಲಲ್ಲಿ ಮನೆಯಿಂದ ಮನೆಗೆ ನಡೆದ ಹುಡುಗಿಯರಿಗೆ ಇದು ಬೇಗ ಅರ್ಥವಾಗುತ್ತದೆ. ಜನವರಿಯ ಅಥವಾ ಫೆಬ್ರವರಿಯ ಮಗುವನ್ನು ಒಂದೆರಡು ತಿಂಗಳು ಹಿಂದಕ್ಕೆ ತಳ್ಳಿದರೆ ಅರ್ಧ ಗಂಟೆಯ ಕೆಲಸ ಉಳಿಯುತ್ತದೆ. ಹಾಗಾಗಿ ಎಡಿಟರಾದವರು ಮೊದಲು ನೋಡುವುದು ಡಿಸೆಂಬರನ್ನು. ಆ ಒಂದು ಡಿಸೆಂಬರಿನಲ್ಲಿ ಬೆಂಗಳೂರಿನ ದಕ್ಷಿಣಕ್ಕೆಲ್ಲ ಮಕ್ಕಳು ಹುಟ್ಟಿದಂತೆ ಕಂಡರೆ ಯಾರೋ ಕೈಯಾಡಿಸಿದ್ದಾರೆ ಎಂದೇ ಲೆಕ್ಕ.

ಆ ದಿನ ನನ್ನ ಕೈಗೆ ಬಂದ ಫಾರ್ಮು ಕತ್ರಿಗುಪ್ಪೆಯ ಹಳೇ ಊರಿನ ಭಾಗದ್ದು. ಇಪ್ಪತ್ತನಾಲ್ಕು ವರ್ಷದ ಹೆಂಗಸು. ಮೊದಲನೆಯದು ಗಂಡು, ಐದು ವರ್ಷ, ಬದುಕಿದೆ. ಎರಡನೆಯದು ಗಂಡು, ಹುಟ್ಟಿದ್ದು ಅದೇ ಡಿಸೆಂಬರ್, ಆರು ದಿನಕ್ಕೆ ಸತ್ತಿದೆ. ಈಗ ಐದು ತಿಂಗಳ ಬಸುರಿ. ಎರಡನೆಯ ಮಗುವಿನ ಸಾಲಿನ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದು ಅಳಿಸಿದ ಗುರುತಿತ್ತು. ಇಂಗ್ಲಿಷ್ ತಿಂಗಳು ನೆನಪಿಲ್ಲದವರನ್ನು ಹಬ್ಬದ ಲೆಕ್ಕದಲ್ಲಿ ಕೇಳುವುದು ನಮ್ಮ ಪದ್ಧತಿ. ಗಣೇಶನ ಹಬ್ಬಕ್ಕೆ ಮುಂಚೆಯೋ ಆಮೇಲೋ, ದೀಪಾವಳಿ ಹೊತ್ತಿಗೆ ಎಷ್ಟು ತಿಂಗಳಾಗಿತ್ತು ಎಂದು. ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ‘ಯುಗಾದಿ ಆದ ವಾರಕ್ಕೆ’ ಎಂದಿತ್ತು.

ಫಾರ್ಮು ತುಂಬಿದವಳು ಬಿಟಿಎಂ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡ ಕಡೆಯ ಹುಡುಗಿ. ತಂಡದಲ್ಲಿ ಎಲ್ಲರಿಗಿಂತ ಚುರುಕು. ಅವಳನ್ನು ಕರೆದೆ.

“ನಿಮ್ಮೂರಲ್ಲಿ ಯುಗಾದಿ ಡಿಸೆಂಬರಿಗೆ ಬರುತ್ತೇನಮ್ಮ?”

ಉಳಿದವರು ನಕ್ಕರು. ಅವಳು ನಗಲಿಲ್ಲ.

“ಇಲ್ರೀ ಮೇಡಂ. ನಾನ ಬದಲ ಮಾಡೀನಿ.”

“ಯಾಕೆ? ಬಸ್ಸಿಗೆ ಲೇಟಾಯ್ತಾ?”

“ಬಸ್ಸಿಗಲ್ರೀ. ಆ ಅಕ್ಕಾರು ಅಳಾಕ ಹತ್ತಿದ್ರು. ಮತ್ತ ಬಸರಿ ಬ್ಯಾರೆ ಅದಾರ. ಅಳೂ ಹೆಣ್ಮಗಳ ಮುಂದ ಕುಂತು, ಕೂಸಿನ ತೂಕ ಎಷ್ಟಿತ್ತು, ಎಷ್ಟ ತಾಸಿಗೆ ಹಾಲ ಕುಡಿಸಿದ್ರಿ ಅಂತ ಹೆಂಗ ಕೇಳ್ಲಿ? ಸತ್ತ ಕೂಸಿನ ತೂಕ ತಗೊಂಡು ಸರಕಾರ ಏನ್ ಮಾಡತೈತ್ರೀ?”

“ನೀನು ಕರುಣೆ ತೋರಿಸಿ ಆ ಮಗೂನ ಹಿಂದಿನ ವರ್ಷಕ್ಕೆ ಹಾಕಿದೆ. ಎಲ್ಲರೂ ಹಿಂಗೇ ಕರುಣೆ ತೋರಿಸಿದರೆ ಈ ಮೂರು ವರ್ಷದಲ್ಲಿ ಮಕ್ಕಳೇ ಸತ್ತಿಲ್ಲ ಅಂತಾಗುತ್ತೆ. ಆಗ ಯಾವ ಆಸ್ಪತ್ರೆಗೆ ಏನು ಬೇಕು ಅಂತ ಯಾರಿಗೆ ಗೊತ್ತಾಗ್ಬೇಕು?”

ಈ ಮಾತು ಈಗಲೂ ಸರಿಯೆಂದೇ ನನಗೆ ಅನ್ನಿಸುತ್ತದೆ. ಹೇಳಿದ ಧಾಟಿ ಸರಿಯಿರಲಿಲ್ಲ. ಅವಳ ಕಣ್ಣು ತುಂಬಿತು. “ನಾಳೆ ನಾ ಮತ್ತ ಹೋಗ್ಲೇನ್ರೀ?” ಎಂದಳು. ನೀನು ಬೇಡ, ನಾನೇ ಹೋಗುತ್ತೇನೆ ಎಂದೆ.

ಮಾರನೆಯ ಮಧ್ಯಾಹ್ನ ಹೋದೆ. ಆ ಮನೆ ಒಂದು ಕಾಲಕ್ಕೆ ಹೊಲವಿದ್ದವರದ್ದು. ಹೊಲವೆಲ್ಲ ಸೈಟುಗಳಾಗಿತ್ತು. ಮುಂದೆ ಹಂಚಿನ ಮನೆ, ಹಿಂದೆ ಸಾಲಾಗಿ ಬಾಡಿಗೆಯ ಕೋಣೆಗಳು, ಪಕ್ಕದ ಕೊಟ್ಟಿಗೆಯಲ್ಲಿ ಎರಡು ಹಸು. ಮನೆಯ ಯಜಮಾನಿತಿ, ಅಂದರೆ ಆ ಹೆಂಗಸಿನ ಅತ್ತೆ, ನನ್ನನ್ನು ಜಗಲಿಯ ಮೇಲೆ ಕೂರಿಸಿ ಒಂದು ಬಟ್ಟಲು ಗಿಣ್ಣು ತಂದಿಟ್ಟರು. ಹಿಂದಿನ ದಿನ ಹಸು ಕರು ಹಾಕಿತ್ತು.

“ತಿನ್ನಿ ಮೇಡಂ. ನಿಮ್ಮ ಪೇಟೇಲಿ ಇದೆಲ್ಲಿ ಸಿಗುತ್ತೆ. ನಿನ್ನೆ ನಿಮ್ಮ ಹುಡುಗಿ ಬಂದು ಒಂದು ಗಂಟೆ ಕೂತಿದ್ಲು. ಇನ್ನೂ ಏನು ಬಾಕಿ? ನಮ್ಮನೇಲಿ ಎಷ್ಟು ಚಮಚ ಇದೆ ಅಂತಲಾ?”

“ಒಂದೆರಡು ಬಿಟ್ಟು ಹೋಗಿತ್ತಮ್ಮ.”

“ಕೇಳ್ಕೊಳ್ಳಿ ಕೇಳ್ಕೊಳ್ಳಿ. ನೀವು ಕೇಳಿದ್ದೆಲ್ಲ ಬರ್ಕೊಂಡು ಹೋಗ್ತೀರ, ನಮ್ಮ ರಸ್ತೆಗೆ ಮಾತ್ರ ಟಾರು ಬರಲ್ಲ,” ಎಂದು ಹಾಲಿನ ಕ್ಯಾನು ತೆಗೆದುಕೊಂಡು, ದಿನವೂ ಹಾಲು ಹಾಕುವ ವರ್ತನೆಯ ಮನೆಗಳಿಗೆ ಹೊರಟರು. ಗಿಣ್ಣು ಚೆನ್ನಾಗಿತ್ತು. ಬೆಲ್ಲ, ಏಲಕ್ಕಿ ಹದವಾಗಿತ್ತು. ಪೂರ್ತಿ ತಿಂದೆ.

ಸೊಸೆ ಒಳಗಿನ ಕೋಣೆಯಲ್ಲಿ ಚಾಪೆ ಹಾಸಿದಳು. ತೆಳ್ಳಗಿದ್ದಳು, ಹೊಟ್ಟೆ ಆಗ ತಾನೇ ಕಾಣುತ್ತಿತ್ತು. ಎರಡನೇ ಮಗುವಿನ ವಿಷಯ ಸ್ವಲ್ಪ ಕೇಳುವುದಿದೆ, ಇಷ್ಟವಿಲ್ಲದಿದ್ದರೆ ಬೇಡವೆನ್ನಬಹುದು ಎಂದು ನಿಯಮದಂತೆ ಹೇಳಿದೆ. ಅವಳು ಬೇಡವೆನ್ನಲಿಲ್ಲ. ಅಳಲೂ ಇಲ್ಲ. ನಾನು ಅಂದುಕೊಂಡದ್ದಕ್ಕಿಂತ ಬೇರೆಯೇ ಆಯಿತು. ಒಂದೊಂದು ಪ್ರಶ್ನೆಗೂ ಅವಳ ಬಳಿ ಉತ್ತರ ಸಿದ್ಧವಿತ್ತು, ಮೂರು ವರ್ಷದಿಂದ ಯಾರಾದರೂ ಕೇಳಲಿ ಎಂದು ಕಾದುಕೊಂಡಿದ್ದ ಹಾಗೆ. ಹೆರಿಗೆ ಆಸ್ಪತ್ರೆಯಲ್ಲಿ ಎಷ್ಟನೇ ಮಂಚ ಎನ್ನುವುದೂ ನೆನಪಿತ್ತು. ಮಗುವಿನ ತೂಕವನ್ನು ಗ್ರಾಮಿನವರೆಗೆ ಹೇಳಿದಳು. ಅಷ್ಟು ನಿಖರವಾಗಿ ನನಗೆ ಆವರೆಗೆ ಯಾವ ತಾಯಿಯೂ ಹೇಳಿರಲಿಲ್ಲ, ಬದುಕಿದ್ದ ಮಕ್ಕಳ ತೂಕವನ್ನೂ ಕೂಡ.

“ಹುಟ್ಟಿದ ಎಷ್ಟು ಹೊತ್ತಿಗೆ ಮಗುವಿಗೆ ಎದೆಹಾಲು ಕೊಟ್ಟಿರಿ?”

“ಅರ್ಧ ಗಂಟೆ ಇರ್ಬೋದು. ಸಿಸ್ಟರೇ ತಂದು ಹಾಕಿದ್ರು.”

“ಮೊದಲ ಹಾಲನ್ನು ಹಿಂಡಿ ಚೆಲ್ಲಿದಿರಾ?”

ಇಲ್ಲಿ ಅವಳು ನಿಂತಳು. ಬಾಗಿಲ ಕಡೆ ನೋಡಿದಳು. ಅತ್ತೆ ಹೋಗಿದ್ದಾರೆಂದು ಗೊತ್ತಿದ್ದರೂ ದನಿ ಇಳಿಯಿತು.

“ಚೆಲ್ಲಲಿಲ್ಲ ಮೇಡಂ. ಅದೇ ತಪ್ಪಾಗಿದ್ದು. ದೊಡ್ಡೋನು ನಮ್ಮಮ್ಮನ ಮನೇಲಿ ಹುಟ್ಟಿದ. ಮೂರು ದಿನ ಹಳದಿ ಹಾಲು ಹಿಂಡಿ ಹಾಕ್ಸಿದ್ರು, ಹತ್ತೀಲಿ ಹರಳೆಣ್ಣೆ, ಸಕ್ರೆ ನೀರು ಕೊಟ್ರು. ನೋಡಿ, ಹೆಂಗಿದಾನೆ. ಇದಕ್ಕೆ ಆಸ್ಪತ್ರೇಲಿ ಸಿಸ್ಟರ್ ಮೊದಲ ಹಾಲು ಕೊಡ್ಲೇಬೇಕು ಅಂದ್ರು. ಅತ್ತೆ ಆಚೆ ನಿಂತಿದ್ರು, ಬಂದು ನೋಡಿ ಬೈದ್ರು. ಹಸೂದು ಗಿಣ್ಣು ನಾವು ತಿಂದು ಅರಗಿಸ್ಕೋತೀವಿ, ಕರೂಗೇ ಜಾಸ್ತಿ ಬಿಡಲ್ಲ ಭೇದಿಯಾಗುತ್ತೆ ಅಂತ, ಇನ್ನು ಎಳೇ ಕೂಸು ಅರಗಿಸ್ಕೊಳ್ಳುತ್ತಾ ಅಂದ್ರು. ಐದನೇ ದಿನ ಅದು ಹಾಲು ಬಿಡ್ತು. ಆರನೇ ದಿನ ಬೆಳಗ್ಗೆ ಮೈ ತಣ್ಣಗಾಗೋಯ್ತು.”

ನಾನು ‘ಇಲ್ಲ’ ಎನ್ನುವ ಉತ್ತರಕ್ಕೆ ಸುತ್ತು ಹಾಕಿದೆ.

“ಮೇಡಂ,” ಎಂದಳು, “ನೀವು ಇಷ್ಟೊಂದು ಮನೆ ತಿರುಗ್ತೀರ. ನಿಮಗೆ ಗೊತ್ತಿರುತ್ತೆ. ನನ್ನ ಹಾಲಿಂದಾನೇ ಹೋಯ್ತಾ ಮಗು? ಈ ಸಲ ಹುಟ್ಟೋದಕ್ಕೆ ಕೊಡ್ಲಾ, ಚೆಲ್ಲಲಾ?”

ಉತ್ತರ ನನಗೆ ಗೊತ್ತಿತ್ತು. ತರಬೇತಿಯಲ್ಲೇ ಒಬ್ಬ ವೈದ್ಯೆ ಬಂದು ಹೇಳಿದ್ದರು. ಆ ಹಳದಿ ಹಾಲೇ ಮಗುವಿಗೆ ಮೊದಲ ರಕ್ಷಣೆ, ಚೆಲ್ಲಬಾರದು, ಈ ಪ್ರಶ್ನೆ ಕೇಳುತ್ತಿರುವುದೇ ಅದಕ್ಕೆ ಎಂದು. ‘ಇಲ್ಲಮ್ಮ, ಹಾಲಿಂದ ಅಲ್ಲ, ಈ ಸಲವೂ ಕೊಡು’ ಎಂದು ಹೇಳಲು ಎಷ್ಟು ಹೊತ್ತು ಬೇಕು? ಆದರೆ ಫಾರ್ಮಿನಲ್ಲಿ ಇನ್ನೊಂದು ಪುಟ ಉಳಿದಿತ್ತು. ಪ್ರಶ್ನೆ ಮುಗಿಯುವ ಮುಂಚೆ ಬುದ್ಧಿ ಹೇಳಬಾರದು. ಹಿಂದಿನ ದಿನವಷ್ಟೇ ನಿಯಮ ಮುರಿದದ್ದಕ್ಕೆ ಒಬ್ಬ ಹುಡುಗಿಯನ್ನು ಎಲ್ಲರ ಮುಂದೆ ನಿಲ್ಲಿಸಿ ಮಾತಾಡಿದ್ದೆ.

“ಇದೊಂದು ಮುಗಿಸಿಬಿಡೋಣ. ಆಮೇಲೆ ಹೇಳ್ತೀನಿ,” ಎಂದೆ.

ಅವಳು ತಲೆಯಾಡಿಸಿದಳು. ಉಳಿದ ಪ್ರಶ್ನೆಗಳಿಗೂ ಹಾಗೆಯೇ ನಿಖರವಾಗಿ ಉತ್ತರ ಕೊಟ್ಟಳು, ಬೇಗ ಬೇಗ. ಕೊನೆಯ ಎರಡು ಪ್ರಶ್ನೆ ಇರುವಾಗ ಅತ್ತೆ ಖಾಲಿ ಕ್ಯಾನು ಹಿಡಿದು ಒಳಗೆ ಬಂದರು. ಬಂದವರು ಬಾಗಿಲಿಗೆ ಒರಗಿ ಕುಳಿತು ಕಾಲು ಚಾಚಿದರು. ಬೇರೆಯವರು ಇದ್ದಾಗ ಪ್ರಶ್ನೆ ಕೇಳಬಾರದು. ಉಳಿದೆರಡು ಮುಖ್ಯವಾದವುಗಳಲ್ಲ, ಹೇಗೋ ಮುಗಿಸಿ ಫಾರ್ಮು ಮಡಿಸಿದೆ. ಸೊಸೆ ನನ್ನ ಮುಖವನ್ನೇ ನೋಡುತ್ತಿದ್ದಳು.

“ಅದನ್ನ ಡಾಕ್ಟರ ಹತ್ರ ಒಂದ್ಸಲ ಕೇಳಿಬಿಡಿ,” ಎಂದೆ.

“ಏನು ಕೇಳ್ಬೇಕಂತೆ ಡಾಕ್ಟರ್‌ನ?” ಅತ್ತೆ ಕೇಳಿದರು.

“ಏನಿಲ್ಲ ಅತ್ತೆ,” ಎಂದಳು ಸೊಸೆ.

ಅಷ್ಟೇ. ನಾನು ಎದ್ದು ಬಂದೆ. ಡಿಸೆಂಬರನ್ನು ಹೊಡೆದು ಸರಿಯಾದ ತಿಂಗಳು ಬರೆದೆ, ಪಕ್ಕದಲ್ಲಿ ಸಹಿ ಹಾಕಿದೆ. ಆ ಫಾರ್ಮು ನಮ್ಮ ತಂಡದ ಅತಿ ಚೊಕ್ಕವಾದ ಫಾರ್ಮುಗಳಲ್ಲಿ ಒಂದಾಯಿತು.

ಧಾರವಾಡದ ಹುಡುಗಿಗೆ ತೋರಿಸಿದೆ, ಹೀಗೆ ಮಾಡಬೇಕು ಎಂದು. ಅವಳು ಪೂರ್ತಿ ಓದಿದಳು. ಆ ಅಕ್ಕ ಅತ್ತರೇ ಎಂದು ಕೇಳಿದಳು. ಇಲ್ಲ ಎಂದೆ. ಆ ಸೊಸೆ ನನ್ನನ್ನು ಕೇಳಿದ್ದನ್ನೂ ಹೇಳಿದೆ.

“ನೀವೇನ್ ಹೇಳಿದ್ರಿ ಮೇಡಂ?”

“ಅತ್ತೆ ಬಂದುಬಿಟ್ರು.”

“ಅಕ್ಕಾರು ಕೇಳಿದ್ದು ಅತ್ತಿ ಬರೂಕಿಂತ ಮೊದಲರೀ?”

ಹೌದು ಎಂದೆ. ಅವಳು ಫಾರ್ಮು ಮಡಿಸಿ ನನ್ನ ಕೈಗೆ ಕೊಟ್ಟಳು. “ಮೇಡಂ, ನಾ ತಾರೀಖು ಸುಳ್ಳು ಬರದಿದ್ದೆ. ತಪ್ಪಽ ಅದು,” ಎಂದಳು.

ಆ ವಾರವೇ ನಮ್ಮ ತಂಡ ನಗರ ಬಿಟ್ಟು ಕನಕಪುರ ರಸ್ತೆಯ ಹಳ್ಳಿಗಳಿಗೆ ಹೋಯಿತು, ಆಮೇಲೆ ಬೇರೆ ಜಿಲ್ಲೆಗೆ. ಮತ್ತೆ ಆ ಸೊಸೆಯ ಹತ್ತಿರ ಹೋಗಲು ಆಗಲಿಲ್ಲ ಎಂದು ಬರೆದರೆ ಅದು ಸುಳ್ಳಾಗುತ್ತದೆ. ನಡುವೆ ರಜೆಗಳಿದ್ದವು. ನಾನು ಇದ್ದದ್ದು ಬನಶಂಕರಿ ಎರಡನೇ ಹಂತದಲ್ಲಿ, ಆ ಮನೆಗೆ ನಡೆದರೆ ಇಪ್ಪತ್ತು ನಿಮಿಷ. ಭಾನುವಾರ ಬಟ್ಟೆ ಒಗೆಯುವಾಗ ನೆನಪಾಗುತ್ತಿತ್ತು. ಅವಳು ಡಾಕ್ಟರನ್ನು ಕೇಳಿರುತ್ತಾಳೆ, ಆಸ್ಪತ್ರೆಯಲ್ಲಿ ಸಿಸ್ಟರ್ ಮತ್ತೆ ಹೇಳಿಯೇ ಹೇಳುತ್ತಾರೆ ಎಂದುಕೊಳ್ಳುತ್ತಿದ್ದೆ. ಸಮೀಕ್ಷೆ ಮುಗಿಯಿತು. ಒಂದು ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಸಿಕ್ಕಿತು. ಅಲ್ಲಿಯೂ ಬೇರೆಯವರು ಬರೆದದ್ದನ್ನು ತಿದ್ದುವುದೇ ಕೆಲಸ. ಮುಂದೆ, ಎರಡು ಸಾವಿರದ ಈಚಿನ ವರ್ಷಗಳಲ್ಲಿ, ಇಂಥ ಸಮೀಕ್ಷೆಗಳ ವರದಿ ಬಂದಾಗಲೆಲ್ಲ ಅದು ನನ್ನ ಮೇಜಿಗೇ ಬರುತ್ತಿತ್ತು. ‘ಇದರಲ್ಲಿ ನೀವು ಎಕ್ಸ್‌ಪರ್ಟು ಮೇಡಂ, ಮೂರು ಕಾಲಂ ಮಾಡಿಕೊಡಿ’ ಎನ್ನುತ್ತಿದ್ದರು. ಮಾಡಿಕೊಡುತ್ತಿದ್ದೆ. ಹುಟ್ಟಿದ ಒಂದು ಗಂಟೆಯೊಳಗೆ ಹಾಲು ಕೊಟ್ಟ ತಾಯಂದಿರು ನೂರಕ್ಕೆ ಇಷ್ಟು ಎಂಬ ಸಾಲನ್ನು ಮಾತ್ರ ಎರಡು ಸಲ ಓದಿ ನೋಡುತ್ತಿದ್ದೆ, ಅಂಕಿ ತಪ್ಪಾಗಬಾರದೆಂದು.

ಆ ಮನೆಗೆ ನಾನು ಮತ್ತೆ ಹೋದದ್ದು ಪತ್ರಿಕೆಗೆ ಸೇರಿದ ಹೊಸದರಲ್ಲಿ, ಗಣೇಶನ ಹಬ್ಬ ಕಳೆದ ಮೇಲೆ, ನನ್ನ ವಾರದ ರಜೆಯ ದಿನ. ಸೊಸೆ ಜಗಲಿಯ ಮೇಲೆ ಕಾಲು ನೀಡಿ ಕುಳಿತು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದಳು. ಹೆಣ್ಣು ಮಗು, ಮೂರು ತಿಂಗಳಿರಬೇಕು, ತೋಳು ತೊಡೆಯೆಲ್ಲ ಮಡಿಕೆ ಮಡಿಕೆ. ನನ್ನನ್ನು ನೋಡಿ ನಕ್ಕಳು.

“ಮತ್ತೆ ಬಿಟ್ಟು ಹೋಗಿತ್ತಾ ಮೇಡಂ ಪ್ರಶ್ನೆ?”

“ಇಲ್ಲಮ್ಮ, ಈ ಸಲ ಕೇಳೋಕೆ ಬಂದಿಲ್ಲ. ನೀವು ಅವತ್ತು ಒಂದು ಕೇಳಿದ್ರಿ. ಹೇಳ್ದೆ ಹೋಗಿದ್ದೆ.”

ಅವಳ ಕೈ ಮಗುವಿನ ಬೆನ್ನ ಮೇಲೆ ನಿಂತಿತು.

“ಹಾಲಿಂದ ಅಲ್ಲ,” ಎಂದೆ. “ಆ ಹಾಲು ಒಳ್ಳೇದೇ. ನಿಮ್ಮ ಸಿಸ್ಟರ್ ಹೇಳಿದ್ದು ಸರಿ. ಮಗು ಹೋಗೋಕೆ ಬೇರೆ ಏನೋ ಕಾರಣ ಇರುತ್ತೆ. ನಿಮ್ಮಿಂದ ಆಗಿದ್ದಲ್ಲ.”

ಅವಳು ಮಗುವನ್ನು ಅಂಗಾತ ತಿರುಗಿಸಿ, ಅದರ ಮುಖ ನೋಡುತ್ತಲೇ ಕೇಳಿದಳು:

“ಹಂಗಾದ್ರೆ ಇದು ಹೆಂಗೆ ಉಳೀತು ಮೇಡಂ? ಇದಕ್ಕೆ ಕೊಡ್ಲಿಲ್ಲ. ದೊಡ್ಡೋನಿಗೆ ಕೊಡ್ಲಿಲ್ಲ. ಎರಡೂ ಉಳಿದ್ವು. ಅದೊಂದಕ್ಕೆ ಕೊಟ್ಟೆ.”

ಇದಕ್ಕೆ ಉತ್ತರವಿದೆ. ಒಂದು ಮನೆಯ ಮೂರು ಮಕ್ಕಳಿಂದ ಏನನ್ನೂ ತೀರ್ಮಾನಿಸಲಾಗದು, ಸಾವಿರಾರು ಮನೆಗಳನ್ನು ಸೇರಿಸಿ ನೋಡಬೇಕು, ಅದಕ್ಕೇ ನಾವು ಬೀದಿ ಬೀದಿ ಅಲೆದದ್ದು. ಇದನ್ನೇ ಸರಳ ಮಾತಿನಲ್ಲಿ ಹೇಳಲು ಶುರುಮಾಡಿದೆ. ಅವಳು ಗೌರವದಿಂದ ಕೇಳಿಸಿಕೊಂಡಳು. ಅವಳಿಗೆ ಇದ್ದದ್ದು ಒಂದೇ ಮನೆ, ಮೂರೇ ಮಕ್ಕಳು.

ಅತ್ತೆ ಕೊಟ್ಟಿಗೆಯಿಂದ ಯಾವಾಗ ಬಂದು ನಿಂತಿದ್ದರೋ ತಿಳಿಯದು. ಕೈಯಲ್ಲಿ ಸೆಗಣಿಯಿತ್ತು.

“ನಾನು ಐದಕ್ಕೂ ಚೆಲ್ಲಿದ್ದೆ,” ಎಂದರು. “ನಾಲ್ಕು ಉಳಿದ್ವು. ಒಂದು ಒಂಬತ್ತನೇ ದಿನ ಹೋಯ್ತು.”

ಸೊಸೆ ತಲೆಯೆತ್ತಿದಳು. ಅವಳಿಗೆ ಇದು ಗೊತ್ತಿರಲಿಲ್ಲವೆಂದು ನೋಡಿದರೇ ತಿಳಿಯುತ್ತಿತ್ತು. ನನಗೂ ಗೊತ್ತಿರಲಿಲ್ಲ. ಐವತ್ತು ತುಂಬಿದವರನ್ನು ನಮ್ಮ ಫಾರ್ಮು ಕೇಳುತ್ತಿರಲಿಲ್ಲ.

“ಯಾವತ್ತೂ ಹೇಳೇ ಇಲ್ವಲ್ಲ ಅತ್ತೆ ನೀವು.”

“ಹೇಳೋದೇನು ಅದನ್ನ. ಆಗ ನಮ್ಮತ್ತೆ ಅಂದ್ರು, ನೀನು ತುಂಬಿದ ಬಸುರೀಲಿ ಕೆರೆಗೆ ಹೋಗಿ ತಣ್ಣೀರಲ್ಲಿ ನಿಂತೆ, ಅದಕ್ಕೇ ಕೂಸಿಗೆ ಶೀತ ಹಿಡೀತು ಅಂತ. ಅವರು ಸಾಯೋತನಕ ಅಂದ್ರು.”

“ಚೆಲ್ಲಿದ್ರೂ ಹೋಯ್ತು ಅಂತ ಗೊತ್ತಿತ್ತು ನಿಮಗೆ. ಗೊತ್ತಿದ್ದೂ ನನ್ನನ್ನ ಮೂರು ವರ್ಷ ಅಂದ್ರಿ.”

“ಏನಾದ್ರೂ ಒಂದು ಅನ್ಬೇಕಿತ್ತಲ್ಲ ಕಣಮ್ಮ,” ಎಂದರು ಅತ್ತೆ. ದನಿಯಲ್ಲಿ ಜಗಳವಿರಲಿಲ್ಲ. “ಸುಮ್ಸುಮ್ನೆ ಹೋಯ್ತು ಅಂದ್ರೆ ಯಾರಿಗೆ ತಡ್ಕೊಳ್ಳೋಕಾಗುತ್ತೆ?”

ಸೊಸೆ ಮಗುವನ್ನು ಎತ್ತಿ ಭುಜಕ್ಕೆ ಹಾಕಿಕೊಂಡಳು. ಎಣ್ಣೆಯ ಮೈ ಜಾರುತ್ತಿತ್ತು, ಸೆರಗಿನಿಂದ ಸುತ್ತಿ ಹಿಡಿದಳು. ಅತ್ತೆಯನ್ನು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

“ಇವಳು ಮೂರು ದಿನ ಒಂದೇ ಸಮ ಅತ್ಲು,” ಎಂದಳು. “ನನ್ನ ಎದೆ ಕಲ್ಲಾಗಿತ್ತು. ಹಿಂಡಿ ಹಿಂಡಿ ಕರಿಬೇವಿನ ಗಿಡದ ಬುಡಕ್ಕೆ ಹಾಕ್ದೆ. ಇವಳು ಅಳ್ತಾನೇ ಇದ್ಲು.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕಿದ ಸದ್ದಾಯಿತು.

ಅತ್ತೆ ಬಾಗಿಲ ಮುಂದೆ ನಿಂತರು. ತಟ್ಟಲು ಕೈ ಎತ್ತಿ, ಕೈಯಲ್ಲಿದ್ದ ಸೆಗಣಿ ನೋಡಿ ಇಳಿಸಿದರು. ಒಂದು ಸಲ ಅವಳನ್ನು ಕರೆದರು. ನಾನು ಏನೋ ಹೇಳಲು ಹೋದೆ.

“ನೀವು ಹೊರಡಿ ಮೇಡಂ,” ಎಂದರು. “ನಾವಿಬ್ರೂ ಇದೇ ಮನೇಲಿ ಇರ್ಬೇಕು.”